ಜೇಬಿಗೆ ಹಾಕಿಕೊಂಡು ಹೋದ ನಂಬರು

ನಮ್ಮ ಅಂಗಡಿ ಇರುವುದು ಶ್ರೀರಾಂಪುರದಲ್ಲಿ, ನಮ್ಮ ಮನೆಯ ಕೆಳಗೇ. ಸೋಲಾರ್ ವಾಟರ್ ಹೀಟರ್ ಮಾರುತ್ತೇವೆ, ಕೂರಿಸುತ್ತೇವೆ, ಕೆಟ್ಟರೆ ರಿಪೇರಿ ಮಾಡುತ್ತೇವೆ. ಮಾರುವ ಅಂಗಡಿಗಳು ಬೇಕಾದಷ್ಟಿವೆ, ನಮ್ಮ ಹೊಟ್ಟೆ ತುಂಬಿಸಿದ್ದು ರಿಪೇರಿ. ಊರಿನ ಈ ಅಂಚಿನ ಬಡಾವಣೆಗಳಲ್ಲಿ ಬೋರ್‌ವೆಲ್ ನೀರೇ ಜಾಸ್ತಿ. ಆ ನೀರಿನ ಸುಣ್ಣ ಟ್ಯಾಂಕಿನೊಳಗೆ ಕಲ್ಲಿನಂತೆ ಕೂತು ಪೈಪು ಕಟ್ಟಿಕೊಳ್ಳುತ್ತದೆ. ಕೋತಿಗಳು ಕುಣಿದು ಗಾಜಿನ ಟ್ಯೂಬು ಒಡೆಯುತ್ತವೆ. ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ತಣ್ಣೀರು ಬಂದರೆ ಜನ ಮೊದಲು ಹುಡುಕುವುದು ಫೋನನ್ನು. ಟವೆಲ್ ಸುತ್ತಿಕೊಂಡು ನಿಂತೇ ಮಾತಾಡುತ್ತಾರೆ, ಸಿಟ್ಟಿನಲ್ಲಿರುತ್ತಾರೆ. ಆ ಫೋನ್ ಎತ್ತುತ್ತಿದ್ದವಳು ನಾನು.

ನನ್ನ ಗಂಡ ಛಾವಣಿಯ ಮೇಲಿನ ಮನುಷ್ಯ. ನಂಜನಗೂಡಿನ ಕಡೆಯ ಹಳ್ಳಿಯಿಂದ ಪ್ಲಂಬಿಂಗ್ ಕೆಲಸಕ್ಕೆಂದು ಬಂದವರು, ಕೈಕೆಲಸ ಬಲ್ಲವರು, ಮಾತು ಕಡಿಮೆ. ಮಾತಿಗೆಂದೇ ಒಬ್ಬ ಪಾಲುದಾರನಿದ್ದ. ಬೋಗಾದಿಯವನು, ನಮ್ಮಿಬ್ಬರಿಗಿಂತ ಚಿಕ್ಕವನು. ನನ್ನನ್ನು ಅತ್ತಿಗೆ ಎಂದೇ ಕರೆಯುತ್ತಿದ್ದ, ನಾನೂ ಏಕವಚನದಲ್ಲೇ, ಮೈದುನನನ್ನು ಮಾತಾಡಿಸುವ ಹಾಗೆ ಮಾತಾಡಿಸುತ್ತಿದ್ದೆ. ಮನೆ ಕಟ್ಟಿಸುವವರನ್ನು ಹುಡುಕಿ, ಅವರ ಮುಂದೆ ನಕ್ಕು, ಆರ್ಡರ್ ತರುವುದು ಅವನ ಕೆಲಸ. ಅದನ್ನು ಚೆನ್ನಾಗಿಯೇ ಮಾಡುತ್ತಿದ್ದ, ಸುಳ್ಳು ಹೇಳುವುದಿಲ್ಲ.

ಅಂಗಡಿ ಶುರುವಾದಾಗ ಒಂದು ಮೊಬೈಲ್ ನಂಬರು ತೆಗೆದುಕೊಂಡೆವು. ನನ್ನ ಗಂಡನ ಕಾಗದಗಳಲ್ಲೆಲ್ಲ ಹಳ್ಳಿಯ ವಿಳಾಸವಿತ್ತು. ಸಿಮ್ ಮಾರುವವನು ಮೈಸೂರಿನ ವಿಳಾಸ ಕೇಳಿದ. ಪಾಲುದಾರ ತನ್ನ ಕಾರ್ಡು ತೆಗೆದುಕೊಟ್ಟ. ಅಲ್ಲಿಗೆ ನಂಬರು ಅವನ ಹೆಸರಿಗೆ ಆಯಿತು. ಆ ಹೊತ್ತಿನಲ್ಲಿ ಅದೊಂದು ಉಪಕಾರದಂತೆ ಕಂಡಿತ್ತು. ಅದೇ ನಂಬರನ್ನು ಹಳದಿ ಸ್ಟಿಕ್ಕರಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ಕೂರಿಸಿದ ಪ್ರತಿಯೊಂದು ಟ್ಯಾಂಕಿನ ಮೇಲೂ ಅಂಟಿಸುತ್ತ ಬಂದೆವು. ನನ್ನ ಗಂಡನಿಗೆ ಅದು ಪೂಜೆಯ ಕೊನೆಯ ಮಂಗಳಾರತಿಯ ಹಾಗೆ. ಸ್ಟಿಕ್ಕರ್ ಅಂಟಿಸಿ, ಅಂಗೈಯಿಂದ ಒಂದು ಸಲ ಒರೆಸಿ, ಆಮೇಲೆಯೇ ಏಣಿ ಇಳಿಯುತ್ತಿದ್ದರು.

ಯುಗಾದಿ ಕಳೆದ ಮೇಲೆ ಒಂದು ದಿನ ಪಾಲುದಾರ ಬಂದು, ನಾನು ಬೇರೆ ಮಾಡ್ಕೋತೀನಿ ಅಂದ. ಜಗಳವೇನೂ ಆಗಲಿಲ್ಲ. ಇದ್ದ ಸಾಮಾನು ಹಂಚಿಕೊಂಡೆವು. ಡ್ರಿಲ್ಲಿಂಗ್ ಮೆಷಿನ್ ನಮಗೆ, ಗೂಡ್ಸ್ ಆಟೋ ಅವನಿಗೆ. ಮೇಜಿನ ಮೇಲಿದ್ದ ಫೋನನ್ನು ಅವನು ಎಲ್ಲರೆದುರಿಗೇ ಎತ್ತಿ ಜೇಬಿಗೆ ಹಾಕಿಕೊಂಡ. ನಾನು ನೋಡಿದೆ. ಹಳೇ ಫೋನು, ಗಾಜು ಬೇರೆ ಸೀಳುಬಿಟ್ಟಿತ್ತು, ಹೋದರೆ ಹೋಗಲಿ, ನಮ್ಮನ್ನು ಕೇಳಿದವರನ್ನು ಅವನು ಇತ್ತ ಕಳಿಸುತ್ತಾನೆ ಅಂದುಕೊಂಡೆ. ಅವನು ಜೇಬಿಗೆ ಹಾಕಿಕೊಂಡದ್ದು ಶ್ರೀರಾಂಪುರ, ಕುವೆಂಪುನಗರ, ಬೋಗಾದಿಯ ಅಷ್ಟೂ ಛಾವಣಿಗಳನ್ನು ಎಂದು ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ಅಂಗಡಿಯಲ್ಲಿ ಸದ್ದೇ ಇಲ್ಲ. ನನ್ನ ಸ್ವಂತ ಮೊಬೈಲಿಗೆ ಬರುವ ಒಂದೆರಡು ಕರೆ ಬಿಟ್ಟರೆ ಏನೂ ಇಲ್ಲ. ಬಿಸಿಲುಗಾಲ ಅಲ್ಲವೇ, ಯಾರಿಗೆ ಬೇಕು ಬಿಸಿನೀರು ಎಂದು ಸಮಾಧಾನ ಮಾಡಿಕೊಂಡೆ. ಮಳೆ ಬಂತು, ಮೋಡ ಕವಿಯಿತು, ಜನರಿಗೆ ಬಿಸಿನೀರು ಬೇಕಾಗುವ ಕಾಲ ಬಂತು. ಆಗಲೂ ಸದ್ದಿಲ್ಲ. ಬೀದಿಯಲ್ಲಿ ಪರಿಚಯದವರು ಸಿಕ್ಕರೆ ಒಂದು ಥರ ಮೃದುವಾಗಿ ಮಾತಾಡಿಸುತ್ತಿದ್ದರು. ತರಕಾರಿ ಗಾಡಿಯ ಹತ್ತಿರ ಒಬ್ಬಾಕೆ ಕೈ ಹಿಡಿದುಕೊಂಡು, ಧೈರ್ಯವಾಗಿರಿ ಅಂದರು. ಯಾತಕ್ಕೆ ಎಂದು ನನಗೆ ಅರ್ಥವಾಗಲಿಲ್ಲ. ವ್ಯಾಪಾರ ಬಿದ್ದದ್ದು ಎಲ್ಲರಿಗೂ ಗೊತ್ತಾಗಿದೆ ಎಂದುಕೊಂಡು ನಾಚಿಕೆಪಟ್ಟೆ.

ಅರ್ಥ ಮಾಡಿಸಿದವರು ಕುವೆಂಪುನಗರದ ಒಬ್ಬ ನಿವೃತ್ತ ಮೇಷ್ಟ್ರು. ನಮ್ಮ ಬಹಳ ಹಳೆಯ ಗಿರಾಕಿ. ಅವರ ತಂದೆ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರಂತೆ, ಆ ಕಾಲದ ಮರ್ಯಾದೆ ಇವರ ಮಾತಿನಲ್ಲಿ ಇನ್ನೂ ಇತ್ತು. ಒಂದು ಸಂಜೆ ಬಟ್ಟೆಯ ಚೀಲದಲ್ಲಿ ಮೂಸಂಬಿ ಹಿಡಿದು ಆಟೋದಿಂದ ಇಳಿದರು. ಕೂರಿಸಿದೆ, ನೀರು ಕೊಟ್ಟೆ. ಅವರು ತಗ್ಗಿದ ದನಿಯಲ್ಲಿ ಕೇಳಿದರು.

"ಯಾವ ಕಡೆ ಬಿದ್ದಿದೆಯಮ್ಮ? ಎಡಗಡೆನೋ, ಬಲಗಡೆನೋ?"

ನನಗೆ ತಿಳಿಯಲಿಲ್ಲ. ಏನು ಬಿದ್ದಿದೆ ಎಂದೆ. ನಿಮ್ಮ ಯಜಮಾನರಿಗೆ ಲಕ್ವ ಹೊಡೆದು ಮಲಗಿಬಿಟ್ಟಿದ್ದಾರಂತಲ್ಲ, ಅಂಗಡಿ ಮುಚ್ಚಿದಿರಂತೆ, ಕೇಳಿದಾಗಿನಿಂದ ಮನಸ್ಸು ತಡೆಯಲಿಲ್ಲ, ನೋಡಿಕೊಂಡು ಹೋಗೋಣ ಅಂತ ಬಂದೆ ಎಂದರು. ಅದೇ ಹೊತ್ತಿಗೆ ನನ್ನ ಗಂಡ ಹೆಗಲ ಮೇಲೆ ಒಂದು ಉದ್ದನೆಯ ಜಿ.ಐ. ಪೈಪು ಹೊತ್ತು ಮಹಡಿಯ ಮೆಟ್ಟಿಲು ಇಳಿದು ಬಂದರು. ಮೇಷ್ಟ್ರನ್ನು ನೋಡಿ, ಪೈಪು ಕೆಳಗಿಟ್ಟು, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಮೇಷ್ಟ್ರು ಆ ಎರಡು ಕೈಗಳನ್ನೇ ನೋಡುತ್ತ ಕೂತರು. ಆಮೇಲೆ ಅವರ ಕಣ್ಣಲ್ಲಿ ನೀರು ಬಂತು. ಮೂಸಂಬಿಯ ಚೀಲವನ್ನು ಕೊಡಬೇಕೋ ಬೇಡವೋ ಗೊತ್ತಾಗದೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಯಾರು ಹೇಳಿದರು ಎಂದು ಕೇಳಿದೆ. ಅಂಗಡಿಯ ನಂಬರಿಗೆ ಫೋನ್ ಮಾಡಿದ್ದೆ, ನಿಮ್ಮ ಪಾಲುದಾರರೇ ಹೇಳಿದರು ಅಂದರು.

ನಾನು ಕಿವಿಯಾರೆ ಕೇಳಬೇಕಿತ್ತು. ಮಾರನೆಯ ದಿನ ಪಕ್ಕದ ಮನೆಯವರ ಫೋನ್ ಇಸಿದುಕೊಂಡು, ದನಿ ಬದಲಾಯಿಸಿ, ನಮ್ಮ ಆ ಹಳೆಯ ನಂಬರಿಗೆ ಮಾಡಿದೆ. ಟ್ಯಾಂಕಿನ ಮೇಲೆ ಈ ನಂಬರ್ ಇದೆ, ನೀರು ಸೋರುತ್ತಿದೆ ಅಂದೆ. ಅವನದು ಅದೇ ಜೇನಿನಂಥ ದನಿ.

"ಅವರು ಅಂಗಡಿ ಮುಚ್ಚಿಬಿಟ್ರು ಮೇಡಂ. ಪಾಪ, ಅವರಿಗೆ ಸ್ಟ್ರೋಕ್ ಆಗೋಯ್ತು. ಈಗ ಎಲ್ಲಾ ನಾನೇ ನೋಡ್ಕೋತಿದೀನಿ. ಅಡ್ರೆಸ್ ಹೇಳಿ."

ಫೋನ್ ಇಟ್ಟೆ. ಸುಳ್ಳಿಗಿಂತ ಹೆಚ್ಚಾಗಿ ನನ್ನನ್ನು ಸುಟ್ಟದ್ದು ಆ 'ಪಾಪ'. ಎಷ್ಟು ಅಭ್ಯಾಸವಾಗಿ, ಎಷ್ಟು ಹಗುರವಾಗಿ ಬಂದಿತ್ತು. ದಿನಕ್ಕೆ ಎಷ್ಟು ಜನರಿಗೆ ಹೇಳಿದ್ದರೆ ಹಾಗೆ ನಾಲಿಗೆಗೆ ಕೂತಿರುತ್ತದೆ. ಗಟ್ಟಿಮುಟ್ಟಾದ ಗಂಡಸನ್ನು ಬೆಳಗಾಗೆದ್ದು ಹಾಸಿಗೆ ಹಿಡಿಸುತ್ತಿದ್ದ. ನಾನು ಅಡುಗೆಮನೆಗೆ ಹೋಗಿ ಒಲೆ ಹಚ್ಚಿ, ಅದರ ಮೇಲೆ ಏನೂ ಇಡದೆ ನಿಂತಿದ್ದೆ.

ನನ್ನ ಗಂಡನಿಗೆ ಹೇಳಿದೆ. ಅವರು, "ಓಗ್ಲಿ ಬುಡು ಕಣೆ. ಬಾಯಲ್ಲಿ ಅಂದ್ರೆ ಬಂದ್ಬುಡ್ತದಾ?" ಅಂದರು. ನನ್ನ ಕೈಯಲ್ಲಿ ಬಿಡಲು ಆಗಲಿಲ್ಲ. ಬಿಡುವ ಮನಸ್ಸೂ ಇರಲಿಲ್ಲ. ಪೊಲೀಸು, ವಕೀಲರು ಎಂದು ಅಲೆಯುವುದು ನಮ್ಮ ಕೈಲಾಗುವ ಮಾತಲ್ಲ, ನಂಬರು ಕಾನೂನಿನ ಪ್ರಕಾರ ಅವನದೇ. ಅವನು ಏನಿಂದ ಹೊಡೆದನೋ ಅದರಿಂದಲೇ ತಿರುಗಿ ಹೊಡೆಯಬೇಕು ಎಂದು ತೀರ್ಮಾನಿಸಿದೆ. ಯಾರ ಜೇಬಿಗೂ ಹಿಡಿಸದಂಥ ಒಂದು ಫೋನು ನನಗೆ ಬೇಕಿತ್ತು.

ಇಂಟರ್ನೆಟ್ ಮೇಲೆ ನಡೆಯುವ ಫೋನಿನ ಬಗ್ಗೆ ಹೇಳಿದವರು ನಮ್ಮ ಅಂಗಡಿಗೆ ಬರುತ್ತಿದ್ದ ಒಬ್ಬ ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್ಕಿನಲ್ಲಿ ಅದೇ ಇತ್ತು. ಅದಕ್ಕೆ ಸಿಮ್ ಇಲ್ಲ. ನಂಬರು ಕಂಪನಿಯ ಯಂತ್ರದೊಳಗೆ ಎಲ್ಲೋ ಇರುತ್ತದೆ, ಕರೆ ಇಂಟರ್ನೆಟ್ಟಿನಲ್ಲಿ ಹರಿದು ಬಂದು ಮೇಜಿನ ಫೋನಿನಲ್ಲೂ ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಒಟ್ಟಿಗೆ ಬಡಿದುಕೊಳ್ಳುತ್ತದೆ. ನಾಲ್ಕು ಜನ ಒಂದೇ ಸಲ ಮಾಡಿದರೂ ನಾಲ್ವರಿಗೂ ಸಿಗುತ್ತದೆ. ಯಾರು ಮಾಡಿದರು, ಯಾರು ಎತ್ತಿದರು, ಏನು ಮಾತಾಡಿದರು ಎಲ್ಲ ಉಳಿಯುತ್ತದೆ. ಕರೆಂಟು ಹೋದರೆ ತಾನಾಗಿಯೇ ಗಂಡನ ಮೊಬೈಲಿಗೆ ಹಾರುತ್ತದೆ. ಇದೆಲ್ಲ ಕೇಳುತ್ತ ಕೇಳುತ್ತ ನನಗೆ ಬಿಸಿನೀರಿನ ವ್ಯಾಪಾರ ಮರೆತುಹೋಗಿ ಅವನ ಮುಖವೇ ಕಾಣುತ್ತಿತ್ತು.

ಆದರೆ ಆರಿಸುವುದು ಸುಲಭವಿರಲಿಲ್ಲ. ಈ ಸಲ ಸ್ಟಿಕ್ಕರ್ ಅಂಟಿಸಿದರೆ ಮತ್ತೆ ಕೀಳುವಂತಿರಬಾರದು. ಮೂರು ಕಂಪನಿಗಳ ಜೊತೆ ಮಾತಾಡಿದೆ. ಎಲ್ಲರಿಗೂ ಒಂದೇ ಪರೀಕ್ಷೆ ಇಟ್ಟೆ. ನಮ್ಮ ಗಿರಾಕಿ ಯಾವ ಹೊತ್ತಿಗೆ ನಮಗೆ ಫೋನ್ ಮಾಡುತ್ತಾನೋ ಆ ಹೊತ್ತಿಗೆ, ಬೆಳ್ಳಂಬೆಳಿಗ್ಗೆ, ಅವರ ಸಹಾಯದ ನಂಬರಿಗೆ ಮಾಡುವುದು. ಎತ್ತಿದವರಿಗೆ ನಂಬರಿನ ಪ್ರಶ್ನೆ: ನಂಬರು ಯಾರ ಹೆಸರಿನಲ್ಲಿರುತ್ತದೆ? ನಾಳೆ ನಮ್ಮೊಳಗಿನವರೇ ಒಬ್ಬರು ಬಂದು ನನ್ನ ಹೆಸರಿಗೆ ಮಾಡಿಕೊಡಿ ಅಂದರೆ ಏನು ಮಾಡುತ್ತೀರಿ?

ಮೊದಲನೆಯದು ದೊಡ್ಡ ಕಂಪನಿ. ಬೆಳಿಗ್ಗೆ ಮಾಡಿದರೆ ಒಂದು ಯಂತ್ರ ಮಾತಾಡಿತು. ಒಂದು ಒತ್ತಿ, ಎರಡು ಒತ್ತಿ ಎಂದು ಅಲೆಸಿ ಕೊನೆಗೆ ಕಚೇರಿಯ ವೇಳೆಯಲ್ಲಿ ಮಾಡಿ ಎಂದಿತು. ಮಧ್ಯಾಹ್ನ ಟೈ ಕಟ್ಟಿಕೊಂಡ ಒಬ್ಬ ಬಂದು ಬಣ್ಣದ ಚಿತ್ರಗಳನ್ನೆಲ್ಲ ತೋರಿಸಿದ. ನಂಬರಿನ ಪ್ರಶ್ನೆ ಕೇಳಿದರೆ, ಅಂಥ ಸಂದರ್ಭವೇ ಬರುವುದಿಲ್ಲ ಮೇಡಂ ಅಂದ. ಬಂದ ಸಂದರ್ಭದಲ್ಲಿಯೇ ಕೂತಿದ್ದ ನನಗೆ ಅವನೊಡನೆ ಮುಂದೆ ಮಾತಾಡಲು ಏನೂ ಉಳಿಯಲಿಲ್ಲ.

ಎರಡನೆಯವನು ಚುರುಕಾದ ಆಸಾಮಿ. ಫೋನ್ ಬೇಗ ಎತ್ತಿದ, ಅಂಗಡಿಗೂ ಬೇಗ ಬಂದ. ಯಾಕೆ ಈ ಪ್ರಶ್ನೆ ಕೇಳುತ್ತೀರಿ ಎಂದು ಕೆದಕಿದ. ನಾನು ಕಥೆ ಹೇಳಿದೆ. ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ನಮ್ಮಲ್ಲಿ ತಾನಾಗಿಯೇ ಕರೆ ಮಾಡುವ ಒಂದು ವ್ಯವಸ್ಥೆ ಇದೆ ಅಂದ. ಒಂದು ನಂಬರು ಕೊಟ್ಟರೆ ಸಾಕು, ಬೆಳಿಗ್ಗೆಯಿಂದ ಮಾಡುತ್ತಲೇ ಇರುತ್ತದೆ, ಅವನು ಎತ್ತಿದರೆ ಇಡುತ್ತದೆ, ಇಟ್ಟರೆ ಮತ್ತೆ ಮಾಡುತ್ತದೆ, ಅವನ ಫೋನು ಯಾವಾಗಲೂ ಬ್ಯುಸಿ. ಯಾರಿಗೂ ಸಿಗುವುದಿಲ್ಲ. ಹೇಳಿ ನಕ್ಕ. ಕಾಗದದಲ್ಲಿ ಬೇಡ, ನಮ್ಮೊಳಗೇ ಇರಲಿ ಅಂದ.

ನಾನು ನಗಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಯೋಚನೆ ಮಾಡಿ ಹೇಳುತ್ತೇನೆ ಅಂದೆ. ನಿಜವಾಗಿಯೂ ಯೋಚನೆ ಮಾಡಿದೆ, ಬಹಳ ಸಂತೋಷದಿಂದ ಮಾಡಿದೆ. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ ಅವನ ಜೇಬಿನೊಳಗೆ ಆ ಫೋನು ನಿಲ್ಲದೆ ಒದ್ದಾಡುವುದನ್ನು ಕಣ್ಣಮುಂದೆ ತಂದುಕೊಳ್ಳುತ್ತಿದ್ದೆ. ಅವನು ಊಟಕ್ಕೆ ಕೂತಾಗ ಬಡಿದುಕೊಳ್ಳಬೇಕು, ದೇವರಿಗೆ ಕೈ ಮುಗಿಯುವಾಗ ಬಡಿದುಕೊಳ್ಳಬೇಕು. ಒಳ್ಳೆಯತನದಿಂದ ನಾನು ಅದನ್ನು ಕೈಬಿಡಲಿಲ್ಲ. ಕೈಬಿಡಿಸಿದ್ದು ಗಂಡನ ಒಂದು ಮಾತು. ಒಡೆದ ಟ್ಯೂಬಿನಿಂದ ಕುದಿಯುವ ನೀರು ಸುರಿಯುತ್ತಿರುವಾಗ ಯಾರಾದರೂ ಆ ನಂಬರಿಗೆ ಮಾಡಿ ಸಿಗದೆ ಹೋದರೆ, ಆ ಮನೆ ನಾವು ಕೂರಿಸಿದ ಟ್ಯಾಂಕಿನ ಮನೆಯೇ ಅಲ್ಲವಾ ಎಂದು ಕೇಳಿದರು. ಹೌದು, ಆ ಕಡೆ ಅವನೊಬ್ಬನೇ ಇರಲಿಲ್ಲ, ನನ್ನ ಜನರೂ ಇದ್ದರು. ಅವರನ್ನು ಮಧ್ಯೆ ಸಿಕ್ಕಿಸಿ ಅವನಿಗೆ ಹೊಡೆಯುವುದು ದಡ್ಡತನ. ಚುರುಕು ಆಸಾಮಿಗೆ ಬೇಡವೆಂದು ಹೇಳಿಬಿಟ್ಟೆ.

ಮೂರನೆಯ ಕಂಪನಿಗೆ ಬೆಳಿಗ್ಗೆ ಮಾಡಿದಾಗ ಧಾರವಾಡದ ಕಡೆಯ ಮಾತಿನ ಒಬ್ಬ ಹೆಂಗಸು ಎತ್ತಿದರು. ಹಿಂದೆ ಕುಕ್ಕರ್ ಕೂಗುತ್ತಿತ್ತು, ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ನನ್ನ ಪ್ರಶ್ನೆಗೆ ಅವರು ಯೋಚಿಸಿ ಉತ್ತರ ಹೇಳಿದರು.

"ಖರೇ ಹೇಳ್ತೀನ್ರಿ. ನೀವು ನಮ್ಮನ್ನ ಬಿಟ್ಟು ಹೋದ್ರ ನಂಬರ್ ನಿಮ್ಮ ಜೋಡಿ ಬರಂಗಿಲ್ಲ. ಆದ್ರ ನಮ್ಮ ಜೋಡಿ ಇರೋತನಕ ಅದು ಅಂಗಡಿ ಹೆಸರಿನಾಗ ಇರ್ತದ. ಗಂಡಾ ಹೆಂಡ್ತಿ ಇಬ್ಬರದೂ ಸಹಿ ಇಲ್ಲದ ಒಬ್ಬರೇ ಬಂದ್ರ ನಾವು ಮುಟ್ಟಂಗಿಲ್ಲ."

ನನಗೆ ಬೇಕಿದ್ದ ಉತ್ತರದಲ್ಲಿ ಅರ್ಧ ಮಾತ್ರ ಸಿಕ್ಕಿತ್ತು. ಆದರೆ ಉಳಿದರ್ಧ ಇಲ್ಲವೆಂದು ಬಾಯಿಬಿಟ್ಟು ಹೇಳಿದವರು ಇವರೊಬ್ಬರೇ. ಅಲ್ಲಿಯೇ ಒಪ್ಪಿಕೊಂಡೆ. ಮೈಸೂರಿನ ಕೋಡ್ ಇರುವ, ಲ್ಯಾಂಡ್‌ಲೈನಿನ ಹಾಗೆ ಕಾಣುವ ನಂಬರು ಕೊಟ್ಟರು. ನಮ್ಮ ವಯಸ್ಸಾದ ಗಿರಾಕಿಗಳಿಗೆ ಅಂಥ ನಂಬರಿನ ಮೇಲೆ ನಂಬಿಕೆ ಹೆಚ್ಚು, ಅಂಗಡಿ ಒಂದು ಕಡೆ ನಿಂತಿದೆ ಅನ್ನಿಸುತ್ತದೆ.

ಫೋನ್ ಎತ್ತುವ ಮೊದಲು ಕೇಳಿಸುವ ಸ್ವಾಗತದ ಮಾತಿಗೆ ಅವರು ಒಂದು ನುಣುಪಾದ ಹೆಣ್ಣುದನಿ ಇಟ್ಟಿದ್ದರು. ನಾನು ಬೇಡ ಅಂದೆ. ನನ್ನ ಗಂಡನ ದನಿಯೇ ಆಗಬೇಕು ಎಂದೆ. ಇದು ನನ್ನ ಏಟು. ಗಂಡ ನಾಚಿಕೊಂಡು ಗೋಡೌನಿಗೆ ಹೋಗಿ ಅವಿತುಕೊಂಡರು. ಎಳೆದು ತಂದು ಕೂರಿಸಿದೆ. ಬರೆದುಕೊಟ್ಟದ್ದನ್ನು ಓದಿದರೆ ಶಾಲೆಯ ಪಾಠದ ಹಾಗೆ ಕೇಳುತ್ತಿತ್ತು. ಕೊನೆಗೆ ಕಾಗದ ಕಿತ್ತುಕೊಂಡು, ಮೇಷ್ಟ್ರ ಹತ್ತಿರ ಹೇಗೆ ಮಾತಾಡುತ್ತೀರೋ ಹಾಗೆ ಆಡಿ ಎಂದೆ.

"ನಮಸ್ಕಾರ. ನಾನೇ ಮಾತಾಡ್ತಿರಾದು, ಸೋಲಾರ್ ಕೆಲಸ ಮಾಡ್ತಿದ್ನಲ್ಲ, ನಾನೇ. ಚೆನ್ನಾಗಿದೀನಿ. ಅಂಗಡಿ ಇದ್ದ ಕಡೆಗೇ ಅದೆ. ಒಂದ್ನಿಮಿಷ ತಡೀರಿ, ಎತ್ತುತಾರೆ."

ಅದನ್ನೇ ಇಟ್ಟೆವು. ಧಾರವಾಡದ ಹೆಂಗಸು ಕೇಳಿ ನಕ್ಕರು, ಬದಲಾಯಿಸಿ ಅನ್ನಲಿಲ್ಲ.

ಹೊಸ ನಂಬರು ಬಂದರೆ ಆಯಿತೇ, ಊರಿಗೆ ಗೊತ್ತಾಗಬೇಕಲ್ಲ. ಛಾವಣಿಗಳ ಮೇಲೆಲ್ಲ ನಮ್ಮದೇ ಹಳದಿ ಸ್ಟಿಕ್ಕರುಗಳು ಅವನ ಪರವಾಗಿ ದುಡಿಯುತ್ತಿದ್ದವು. ಚಳಿಗಾಲಕ್ಕೆ ಮುಂಚೆ ಹಳೆಯ ಗಿರಾಕಿಗಳಿಗೆ ಟ್ಯಾಂಕಿನ ಉಚಿತ ತಪಾಸಣೆ ಎಂದು ಹೊರಟೆವು. ನನ್ನ ಗಂಡನಿಗೆ ಮನೆಯವರ ಹೆಸರು ನೆನಪಿರುವುದಿಲ್ಲ, ಛಾವಣಿ ನೆನಪಿರುತ್ತದೆ. ಸ್ಕೂಟರ್ ನಿಲ್ಲಿಸಿ ತಲೆಯೆತ್ತಿ ನೋಡಿ, ಇದು ನಮ್ದೇ ಅನ್ನುತ್ತಿದ್ದರು. ಬಾಗಿಲು ತಟ್ಟುವುದು ನಾನು. ಬಾಗಿಲು ತೆಗೆದವರು ಮೊದಲು ನನ್ನನ್ನು, ಆಮೇಲೆ ಹಿಂದೆ ಏಣಿ ಹಿಡಿದು ನಿಂತವರನ್ನು ನೋಡಿ ಬಾಯಿ ತೆರೆಯುತ್ತಿದ್ದರು. ಬೋಗಾದಿಯಲ್ಲಿ ಒಬ್ಬ ಅಜ್ಜಿ ಅವರ ಎಡಗೈಯನ್ನು ಹಿಚುಕಿ ನೋಡಿ, ನೋವಾಯಿತಾ ಎಂದು ಕೇಳಿದರು. ಆಯ್ತು ಅಂದ ಮೇಲೆಯೇ ಬಿಟ್ಟರು.

ನಾನೂ ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಮೇಲೆ ಹತ್ತುತ್ತಿದ್ದೆ. ಮೊದಲೆರಡು ಮನೆಯಲ್ಲಿ ಕಬ್ಬಿಣದ ಏಣಿಯನ್ನು ಕೆಳಗೆ ನೋಡದೆ ಹತ್ತಿದೆ, ಆಮೇಲೆ ಹೆದರಿಕೆಯೇ ಹೋಯಿತು. ಗಂಡ ಟ್ಯೂಬು, ವಾಲ್ವು ನೋಡುವಾಗ ನಾನು ಸ್ಟಿಕ್ಕರಿನ ಮುಂದೆ ಕೂರುತ್ತಿದ್ದೆ. ಥಿನ್ನರ್ ಹಚ್ಚಿ ಸ್ವಲ್ಪ ಬಿಟ್ಟು, ಅಗಲದ ಬ್ಲೇಡಿನಿಂದ ಹೆರೆಯುವುದು. ಬಿಸಿಲಿಗೆ ಸುಟ್ಟ ಸ್ಟಿಕ್ಕರ್ ಸುಲಭಕ್ಕೆ ಬರುವುದಿಲ್ಲ, ಒಂದೊಂದೇ ಅಂಕಿ ಸಿಪ್ಪೆಯ ಹಾಗೆ ಏಳುತ್ತದೆ. ಅವಸರವಿಲ್ಲದೆ ಹೆರೆಯುತ್ತಿದ್ದೆ. ಮಂಡಕಳ್ಳಿಗೆ ಇಳಿಯುವ ವಿಮಾನ ತಲೆಯ ಮೇಲೆ ಸದ್ದು ಮಾಡಿಕೊಂಡು ಹೋದರೂ ತಲೆಯೆತ್ತುತ್ತಿರಲಿಲ್ಲ. ಬೆರಳಿನ ಚರ್ಮ ಸುಲಿದು, ಸಂಜೆ ಊಟಕ್ಕೆ ಕೂತರೆ ಸಾರಿನ ಖಾರ ಚುರುಗುಟ್ಟುತ್ತಿತ್ತು. ಆ ಉರಿಯೂ ಹಿತವಾಗಿತ್ತು. ಹೊಸ ನಂಬರಿನ ನೀಲಿ ಸ್ಟಿಕ್ಕರನ್ನು ಮಾತ್ರ ಗಂಡನೇ ಅಂಟಿಸಿ, ಅಂಗೈಯಿಂದ ಒರೆಸುತ್ತಿದ್ದರು.

ಕರೆಗಳು ಮೆಲ್ಲಗೆ ತಿರುಗಿ ಬಂದವು. ಮಾಡಿದವರಿಗೆಲ್ಲ ಮೊದಲು ಕೇಳುತ್ತಿದ್ದದ್ದು 'ಚೆನ್ನಾಗಿದೀನಿ' ಎಂಬ ದನಿ. ಅವನ ಸುಳ್ಳು ಒಂದೊಂದು ಕರೆಗೆ ಒಂದೊಂದು ಮನೆಯಲ್ಲಿ ಸಾಯುತ್ತಿತ್ತು. ಕೆಲವರು ನನಗೆ ಮಾಡಿ ಇಟ್ಟ ಮೇಲೆ ಅವನಿಗೂ ಮಾಡಿ ಉಗಿದರಂತೆ. ನಾನೇನೂ ಹೇಳಿಕೊಟ್ಟಿರಲಿಲ್ಲ. ತಡೆಯಲೂ ಇಲ್ಲ.

ಸ್ವಲ್ಪ ದಿನಕ್ಕೆ ಅವನೇ ನಮ್ಮ ಹೊಸ ನಂಬರಿಗೆ ಮಾಡತೊಡಗಿದ. ಕಂಪ್ಯೂಟರಿನ ಪರದೆಯ ಮೇಲೆ ಆ ಹಳೆಯ ನಂಬರು ಮೂಡಿತು. ನನ್ನದೇ ನಂಬರು ನನ್ನನ್ನು ಕರೆಯುತ್ತಿತ್ತು. ನಾನು ಎತ್ತಲಿಲ್ಲ. ಧಾರವಾಡದ ಹೆಂಗಸಿಗೆ ಮಾಡಿ, ಒಂದೇ ಒಂದು ನಂಬರನ್ನು ಬೇರೆ ದಾರಿಗೆ ಹಾಕಬಹುದೇ ಎಂದು ಕೇಳಿದೆ. ಹಾಕಬಹುದ್ರಿ ಎಂದು ತೋರಿಸಿಕೊಟ್ಟರು. ಅಂದಿನಿಂದ ಅವನು ಮಾಡಿದರೆ ಗಂಡನ 'ಚೆನ್ನಾಗಿದೀನಿ' ಕೇಳಿಸಿ, ಆಮೇಲೆ ಕಾಯುವವರಿಗೆ ಹಾಕುವ ಕೊಳಲಿನ ಸಂಗೀತ ಶುರುವಾಗಿ, ಅದು ಮುಗಿಯುತ್ತಲೇ ಇರಲಿಲ್ಲ. ಪರದೆಯ ಮೂಲೆಯಲ್ಲಿ 'ಕಾಯುತ್ತಿದ್ದಾರೆ' ಎಂದು ತೋರಿಸುತ್ತಿತ್ತು. ನಾನು ಕಾಫಿ ಲೋಟ ಹಿಡಿದು ಅದನ್ನೇ ನೋಡುತ್ತ ಕೂರುತ್ತಿದ್ದೆ. ಅಷ್ಟು ರುಚಿಯಾದ ಕಾಫಿ ನಾನು ಆಮೇಲೆ ಕುಡಿದಿಲ್ಲ.

ಫೋನಿನಲ್ಲಿ ಸಿಗದಿದ್ದಕ್ಕೆ ಒಂದು ಸಂಜೆ ಅವನೇ ಬಂದ. ಸೊರಗಿದ್ದ. ನನ್ನ ಗಂಡ ಎದ್ದು ಕುರ್ಚಿ ಎಳೆದುಕೊಟ್ಟರು, ನನಗೆ ಅದನ್ನೂ ಕೊಡುವ ಮನಸ್ಸಿರಲಿಲ್ಲ. ಸುತ್ತಿಬಳಸಿ ವಿಷಯಕ್ಕೆ ಬಂದ. ಸೋಲಾರ್ ಕೆಲಸ ಬಿಡುತ್ತಾನಂತೆ. ಮಂಡಕಳ್ಳಿ ಕಡೆ ಸೈಟ್ ಮಾರಿಸುವ ಕೆಲಸ ಹಿಡಿದಿದ್ದಾನೆ, ಅಲ್ಲಿನ ಬೋರ್ಡುಗಳಿಗೆಲ್ಲ ಅದೇ ಹಳೆಯ ನಂಬರು ಬರೆಸಿಬಿಟ್ಟಿದ್ದಾನೆ. ಆದರೆ ಬೆಳಗಾದರೆ ಬಿಸಿನೀರಿನವರ ಕಾಟ. ಇವನು ಕೂರಿಸಿಕೊಟ್ಟವು ಸೋರುತ್ತಿವೆ, ರಿಪೇರಿಗೆ ಜನವಿಲ್ಲ, ಬೈಗುಳ ತಾಳಲಾಗುತ್ತಿಲ್ಲ. ಆ ಮನೆಗಳನ್ನೆಲ್ಲ ನಾವು ನೋಡಿಕೊಳ್ಳಬೇಕಂತೆ. ಬೇಕಾದರೆ ಬೋರ್ಡುಗಳನ್ನು ಬೇರೆ ಬರೆಸುತ್ತೇನೆ, ನಂಬರನ್ನೇ ನಿಮಗೆ ಬರೆದುಕೊಡುತ್ತೇನೆ ಎಂದ. ಹಾಗೆ ಹೇಳುವಾಗ ಅವನ ಮುಖದಲ್ಲಿ ದೊಡ್ಡ ಔದಾರ್ಯವಿತ್ತು.

"ಮೇಷ್ಟ್ರಿಗೆ ಫೋನ್ ಮಾಡಿ" ಅಂದೆ.

ನಾನು ಬಹುವಚನ ಬಳಸಿದ್ದು ಅವನಿಗೆ ತಟ್ಟಿತು. "ಯಾವ ಮೇಷ್ಟ್ರು ಅತ್ತಿಗೆ?" ಅಂದ.

"ಕುವೆಂಪುನಗರದವರು. ನಮ್ಮ ಮನೆಯವರಿಗೆ ಏನಾಗಿದೆ ಅಂತ ಅವರಿಗೆ ಹೇಳಿದ್ರಲ್ಲ, ಅದೇ ಫೋನಿಂದ ಈಗ ಸರಿಯಾಗಿ ಹೇಳಿ. ನಮ್ಮೆದುರಿಗೆ. ಆಮೇಲೆ ಮಿಕ್ಕಿದ ಮಾತು."

ನನ್ನ ಗಂಡ ನನ್ನ ಕಡೆ ಬೇಡ ಎಂಬಂತೆ ನೋಡಿದರು. ನಾನು ನೋಡಲಿಲ್ಲ. ಅವನು ಜೇಬಿನಿಂದ ಫೋನ್ ತೆಗೆದ. ನಾನು ಸ್ಪೀಕರಿಗೆ ಹಾಕಿ ಎಂದೆ. ಮೇಷ್ಟ್ರಿಗೆ ಕಿವಿ ಸ್ವಲ್ಪ ಮಂದ. ಮೊದಲ ಸಲ ಅವರಿಗೆ ಕೇಳಿಸಲಿಲ್ಲ, ಜೋರಾಗಿ ಹೇಳಿ ಅಂದರು. ಅವನು ಜೋರಾಗಿ ಹೇಳಬೇಕಾಯಿತು.

"ಅವರಿಗೆ ಏನೂ ಆಗಿಲ್ಲ ಸಾರ್. ನಾನು ಸುಳ್ಳು ಹೇಳಿದ್ದೆ."

ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಆ ಕಡೆಯಿಂದ ಮೇಷ್ಟ್ರು ತಮ್ಮ ಎಂದಿನ ಮರ್ಯಾದೆಯಲ್ಲೇ, ನನಗೆ ಗೊತ್ತಪ್ಪ, ಅವರ ಕೈಯನ್ನು ನಾನೇ ನೋಡಿ ಬಂದೆ, ಈಗ ನಿಮ್ಮ ಆರೋಗ್ಯ ಹೇಗಿದೆ ಎಂದು ಕೇಳಿದರು. ಅವನು ಫೋನ್ ಇಟ್ಟುಬಿಟ್ಟ.

ಆ ಮನೆಗಳನ್ನು ನೋಡಿಕೊಳ್ಳುತ್ತೇವೆ ಎಂದು ನನ್ನ ಗಂಡ ನಾನು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟರು. ಟ್ಯಾಂಕು ಸೋರುವಾಗ ಯಾರು ಕೂರಿಸಿದ್ದು ಎಂದು ಅವರು ನೋಡುವವರಲ್ಲ. ಅದಕ್ಕೆ ನಾನೂ ಅಡ್ಡ ಬರಲಿಲ್ಲ. ಆದರೆ ನಂಬರಿನ ವಿಷಯ ನನ್ನದು.

"ನಂಬರು ನಿಮ್ಮ ಹತ್ರನೇ ಇರಲಿ. ನಮಗೆ ಬೇಡ. ಬೆಳಿಗ್ಗೆ ಬಿಸಿನೀರಿನವರು ಮಾಡಿದಾಗಲೆಲ್ಲ ನೀವೇ ಎತ್ತಿ, ಅವರು ಚೆನ್ನಾಗಿದಾರೆ ಅಂತ ಹೇಳಿ, ನಮ್ಮ ಹೊಸ ನಂಬರು ಕೊಡಿ. ಒಬ್ಬರಿಗೆ ಕೊಡಲಿಲ್ಲ ಅಂದ್ರೂ ನಮ್ಮವರು ಆ ಮನೆಗಳ ಕಡೆ ಹೋಗಲ್ಲ."

ಅವನು ನನ್ನ ಗಂಡನ ಕಡೆ ನೋಡಿದ. ಅವರು ಪೈಪಿನ ತುದಿಗೆ ಸೋರದಂತೆ ದಾರ ಸುತ್ತುತ್ತಿದ್ದರು. ಸರಿ ಅತ್ತಿಗೆ ಅಂದು ಎದ್ದ. ನಾನು ಕಾಫಿ ಕೊಡಲಿಲ್ಲ.

ರಾತ್ರಿ ಊಟದ ತಟ್ಟೆ ಎತ್ತಿಡುವಾಗ ನನ್ನ ಗಂಡ, "ಅವನ್ ಕೈಲಿ ಅಷ್ಟು ಜೋರಾಗಿ ಏಳಿಸಬಾರ್ದಿತ್ತು" ಎಂದಷ್ಟೇ ಅಂದರು. ಮೇಷ್ಟ್ರಿಗೆ ಕಿವಿ ಕೇಳದಿದ್ದರೆ ನಾನೇನು ಮಾಡಲಿ ಅಂದೆ.

ಧನುರ್ಮಾಸ ಬಂತು. ಜನ ಕತ್ತಲಿರುವಾಗಲೇ ಎದ್ದು ಸ್ನಾನ ಮಾಡುವ ತಿಂಗಳು. ಸರಸ್ವತಿಪುರದಲ್ಲಿರುವ ನನ್ನ ತಂಗಿ ಬೇಗ ಏಳುವವಳು. ಅವಳಿಗೆ ಹೇಳಿ ಒಂದು ಬೆಳಿಗ್ಗೆ ಆ ಹಳೆಯ ನಂಬರಿಗೆ ಮಾಡಿಸಿದೆ. ಟ್ಯಾಂಕಿನಲ್ಲಿ ತಣ್ಣೀರು ಬರ್ತಿದೆ ಅಂತ ಹೇಳು ಎಂದೆ. ಅವನು ಎತ್ತಿದನಂತೆ. ಅವರು ಚೆನ್ನಾಗಿದ್ದಾರೆ ಎಂದು ಹೇಳಿ, ನಮ್ಮ ನಂಬರನ್ನು ಒಂದೊಂದೇ ಅಂಕಿಯಾಗಿ, ಎರಡು ಸಲ, ತಪ್ಪಿಲ್ಲದೆ ಕೊಟ್ಟನಂತೆ. ದನಿ ಹೇಗಿತ್ತು ಎಂದು ಕೇಳಿದೆ.

"ನಿದ್ದೆಗಣ್ಣಲ್ಲಿದ್ದ ಕಣೆ. ಚಳಿಗೆ ಹಲ್ಲು ಕಡೀತಿದ್ದ ಅನ್ಸುತ್ತೆ" ಅಂದಳು.

ಆ ದಿನವೆಲ್ಲ ನಾನು ಖುಷಿಯಾಗಿದ್ದೆ. ಮುಂದಿನ ವಾರ ಬೇರೆ ಯಾರ ಕೈಲಾದರೂ ಮಾಡಿಸು ಎಂದು ಅವಳಿಗೆ ಹೇಳಿಟ್ಟೆ.